ಕೆಲಸ ಉಳಿಸಬೇಕೋ, ಕೆಲಸಗಾರನನ್ನು ಉಳಿಸಬೇಕೋ?

ಯುರೋಪಿನಲ್ಲಿ ಬಂಡವಾಳಶಾಹಿ ಎಲ್ಲ ಕಡೆ ಒಂದೇ ತರಹ ಇಲ್ಲ. ಖಾಸಗಿ ಕಂಪನಿಗಳು ಎಲ್ಲ ದೇಶದಲ್ಲೂ ಇವೆ. ಸರ್ಕಾರದ ಪಿಂಚಣಿ, ಆಸ್ಪತ್ರೆ, ನಿರುದ್ಯೋಗ ಭತ್ಯೆಗಳೂ ಇವೆ. ಆದರೆ ಒಂದು ಕಾರ್ಖಾನೆ ಕಷ್ಟಕ್ಕೆ ಬಿದ್ದ ದಿನ ದೇಶ ದೇಶಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಬ್ರಿಟನ್‌ನಲ್ಲಿ ನೌಕರರನ್ನು ತೆಗೆಯುವುದು ಸುಲಭ, ಅವರಿಗೆ ಸಿಗುವ ಭತ್ಯೆ ತೀರಾ ಕಡಿಮೆ. ಸ್ಪೇನ್, ಫ್ರಾನ್ಸ್, ಇಟಲಿಗಳಲ್ಲಿ ಕಾಯಂ ನೌಕರರನ್ನು ತೆಗೆಯುವುದು ಬಹಳ ಕಾಲ ದುಬಾರಿ ಕೆಲಸವಾಗಿತ್ತು. ಜರ್ಮನಿ ಎಲ್ಲರ ಕೆಲಸದ ಗಂಟೆ ಕಡಿಮೆ ಮಾಡಿಯಾದರೂ ಜನರನ್ನು ಉಳಿಸಿಕೊಳ್ಳಲು ನೋಡುತ್ತದೆ. ಡೆನ್ಮಾರ್ಕ್ ಸುಲಭವಾಗಿ ಕೆಲಸದಿಂದ ಬಿಡಿಸುತ್ತದೆ, ಬಿಡಿಸಿದ ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತದೆ. ಇದಕ್ಕೆ ಫ್ಲೆಕ್ಸಿಕ್ಯುರಿಟಿ ಎಂಬ ಹೆಸರು ಬಂದಿದೆ. 2007ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟವೇ ಇದರ ಮೂಲ ತತ್ವಗಳನ್ನು ಒಪ್ಪಿಕೊಂಡಿತು.

ಹಾಗಾದರೆ ಯುರೋಪಿನ ಉಳಿದ ದೇಶಗಳು ಡೆನ್ಮಾರ್ಕಿನ ದಾರಿ ಹಿಡಿಯಬೇಕೇ? ಎರಡು ಕಡೆಯ ಮಾತೂ ಇಲ್ಲಿದೆ.

ಪರ: ಹಿಡಿಯುವ ಕೈ ಇದ್ದರೆ ಬೀಳುವ ಭಯ ಇರುವುದಿಲ್ಲ

ಓಡೆನ್ಸ ಡೆನ್ಮಾರ್ಕಿನ ಮೂರನೇ ದೊಡ್ಡ ಊರು. ಅದರ ಹತ್ತಿರ ಲಿಂಡೋ ಎಂಬಲ್ಲಿ ಹಡಗು ಕಟ್ಟುವ ದೊಡ್ಡ ಕಾರ್ಖಾನೆ ಇತ್ತು. ಮಾರ್ಸ್ಕ್ ಕಂಪನಿಯದು. 2006ರಲ್ಲಿ ಎಮ್ಮಾ ಮಾರ್ಸ್ಕ್ ಎಂಬ ಕಂಟೇನರ್ ಹಡಗು ಅಲ್ಲಿಂದ ಹೊರಬಂತು. ಆಗ ಜಗತ್ತಿನಲ್ಲಿ ಅಷ್ಟು ದೊಡ್ಡ ಕಂಟೇನರ್ ಹಡಗು ಇನ್ನೊಂದಿರಲಿಲ್ಲ. ಮೂರೇ ವರ್ಷ ಕಳೆಯಿತು. 2009ರ ಆಗಸ್ಟ್‌ನಲ್ಲಿ ಕಂಪನಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಏಷ್ಯಾದ ಕಾರ್ಖಾನೆಗಳ ದರಕ್ಕೆ ಹಡಗು ಕಟ್ಟಿಕೊಡಲು ಅದರಿಂದ ಆಗುತ್ತಿರಲಿಲ್ಲ. 2012ರಲ್ಲಿ ಬಾಗಿಲು ಹಾಕಿತು. ಸಾವಿರಾರು ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳು ಮನೆಗೆ ಹೋದರು.

ಇದೇ ಬೇರೆ ದೇಶದಲ್ಲಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಮಂತ್ರಿಗಳು ಗೇಟಿನ ಮುಂದೆ ಬಂದು ಭಾಷಣ ಮಾಡುತ್ತಿದ್ದರು. ನಷ್ಟದ ಕಾರ್ಖಾನೆಗೆ ಸರ್ಕಾರದ ದುಡ್ಡು ಸುರಿಯುತ್ತಿದ್ದರು. ಐದಾರು ವರ್ಷ ಎಳೆದಾಡಿ ಕೊನೆಗೆ ಹೇಗೂ ಮುಚ್ಚುತ್ತಿದ್ದರು. ಡೆನ್ಮಾರ್ಕ್ ಆ ದುಡ್ಡನ್ನು ಕಾರ್ಖಾನೆಗೆ ಹಾಕಲಿಲ್ಲ. ಜನರ ಭತ್ಯೆಗೆ, ತರಬೇತಿಗೆ ಹಾಕಿತು. ಇಂದು ಲಿಂಡೋದ ಅದೇ ಜಾಗದಲ್ಲಿ ಸಮುದ್ರದೊಳಗೆ ನಿಲ್ಲಿಸುವ ಗಾಳಿಯಂತ್ರಗಳ ದೊಡ್ಡ ದೊಡ್ಡ ಭಾಗಗಳು ತಯಾರಾಗುತ್ತವೆ.

ಓಡೆನ್ಸಕ್ಕೆ ಇನ್ನೊಂದು ಹೊಸ ಕಸುಬೂ ಬಂತು. ಅದರ ಬೇರು ಹಡಗು ಕಾರ್ಖಾನೆಯಲ್ಲೇ ಇತ್ತು. ಹಡಗಿನ ಬೆಸುಗೆಗೆ ರೋಬಾಟ್ ಬೇಕಾಗಿತ್ತು. ಅದಕ್ಕಾಗಿ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಶುರುವಾಗಿತ್ತು, ಅದಕ್ಕೆ ಮಾರ್ಸ್ಕ್ ಕಡೆಯಿಂದಲೇ ದುಡ್ಡು ಬಂದಿತ್ತು. ಅಲ್ಲಿನ ಸಂಶೋಧಕರು 2005ರಲ್ಲಿ ಯೂನಿವರ್ಸಲ್ ರೋಬಾಟ್ಸ್ ಕಂಪನಿ ಕಟ್ಟಿದರು. ಮನುಷ್ಯರ ಪಕ್ಕದಲ್ಲೇ ನಿಂತು ಕೆಲಸ ಮಾಡುವ ರೋಬಾಟ್ ತೋಳು ಅವರದು. ಇಂದು ಓಡೆನ್ಸದಲ್ಲಿ ನೂರಕ್ಕೂ ಜಾಸ್ತಿ ರೋಬಾಟ್ ಕಂಪನಿಗಳಿವೆ. ಹಡಗಿನ ವೆಲ್ಡರ್‌ಗಳೆಲ್ಲ ರೋಬಾಟ್ ಎಂಜಿನಿಯರ್ ಆದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಆಗುವುದೂ ಇಲ್ಲ. ಆದರೆ ಆ ಊರು ಸಾಯಲಿಲ್ಲ. ಮುಚ್ಚಿದ ಗೇಟಿನ ಮುಂದೆ ಇಪ್ಪತ್ತು ವರ್ಷ ಕಾಯುತ್ತ ಕೂರಲಿಲ್ಲ.

ಈ ವ್ಯವಸ್ಥೆಯನ್ನು ನಾನು ಮೂರು ಕಲ್ಲಿನ ಒಲೆ ಅಂತ ನೋಡುತ್ತೇನೆ. ಮೊದಲನೇ ಕಲ್ಲು, ಮಾಲೀಕ ಸುಲಭವಾಗಿ ಜನರನ್ನು ತೆಗೆದುಕೊಳ್ಳಬಹುದು, ಸುಲಭವಾಗಿ ಬಿಡಬಹುದು. ನೋಟಿಸ್ ಕೊಡಬೇಕು. ಆಫೀಸ್ ನೌಕರರಿಗೆ 1938ರ ಕಾನೂನಿನ ಪ್ರಕಾರ ಸೇವೆ ಎಷ್ಟಾಗಿದೆ ನೋಡಿಕೊಂಡು ಒಂದು ತಿಂಗಳಿಂದ ಆರು ತಿಂಗಳವರೆಗೆ ನೋಟಿಸ್ ಸಿಗುತ್ತದೆ. ಆದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಇಲ್ಲ. ಎರಡನೇ ಕಲ್ಲು ನಿರುದ್ಯೋಗ ಭತ್ಯೆ. ಕೆಲಸದಲ್ಲಿರುವಾಗ ಆ-ಕಾಸೆ ಎಂಬ ವಿಮಾ ನಿಧಿಗೆ ತಿಂಗಳ ಕಂತು ಕಟ್ಟಿದವರಿಗೆ ಕೆಲಸ ಹೋದ ಮೇಲೆ ಹಳೆಯ ಸಂಬಳದ ಶೇ 90ರವರೆಗೆ ಭತ್ಯೆ ಬರುತ್ತದೆ. ಅದಕ್ಕೊಂದು ಮೇಲ್ಮಿತಿ ಇದೆ, ಈಚೆಗೆ ತಿಂಗಳಿಗೆ ಸುಮಾರು 20 ಸಾವಿರ ಕ್ರೋನರ್. ಸಾಮಾನ್ಯವಾಗಿ ಎರಡು ವರ್ಷದವರೆಗೆ ಸಿಗುತ್ತದೆ. ಮೂರನೇ ಕಲ್ಲು ಹೊಸ ಕೆಲಸಕ್ಕೆ ಒಯ್ಯುವ ವ್ಯವಸ್ಥೆ. ಸರ್ಕಾರಿ ಉದ್ಯೋಗ ಕೇಂದ್ರಕ್ಕೆ ಹೋಗಬೇಕು, ಅರ್ಜಿ ಹಾಕುತ್ತಿರಬೇಕು, ಹೇಳಿದ ತರಬೇತಿ ಪಡೆಯಬೇಕು. ಈ ಬಾಬತ್ತಿಗೆ ಡೆನ್ಮಾರ್ಕ್‌ನಷ್ಟು ಖರ್ಚು ಮಾಡುವ ಶ್ರೀಮಂತ ದೇಶಗಳು ತೀರಾ ಕಡಿಮೆ. ಮೂರೂ ಕಲ್ಲು ಇದ್ದರೆ ಮಾತ್ರ ಮಡಕೆ ನಿಲ್ಲುತ್ತದೆ.

ಇದು ಯಾರೋ ಪ್ರೊಫೆಸರ್ ಕೂತು ಬರೆದ ಯೋಜನೆ ಅಲ್ಲ. 1899ರಲ್ಲಿ ಡೆನ್ಮಾರ್ಕಿನ ಮಾಲೀಕರು ಸುಮಾರು 40 ಸಾವಿರ ಕಾರ್ಮಿಕರನ್ನು ಕೆಲಸಕ್ಕೆ ಬಿಡದೆ ಹೊರಗೆ ನಿಲ್ಲಿಸಿದರು. ಮೂರು ತಿಂಗಳಿಗೂ ಜಾಸ್ತಿ ಆ ಜಗಳ ನಡೆಯಿತು. ಮನೆಗಳಲ್ಲಿ ಹಸಿವು, ಕಾರ್ಖಾನೆಗಳಲ್ಲಿ ನಷ್ಟ. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಕೆಲಸ ಹೇಗೆ ನಡೆಸಬೇಕು, ಯಾರನ್ನು ಇಟ್ಟುಕೊಳ್ಳಬೇಕು ಎನ್ನುವುದು ಮಾಲೀಕರ ಹಕ್ಕು. ಸಂಘ ಕಟ್ಟುವುದು, ಒಟ್ಟಾಗಿ ಚೌಕಾಸಿ ಮಾಡುವುದು ಕಾರ್ಮಿಕರ ಹಕ್ಕು. ಇಂದಿಗೂ ಡೆನ್ಮಾರ್ಕ್‌ನಲ್ಲಿ ಕನಿಷ್ಠ ಕೂಲಿಯ ಕಾನೂನು ಇಲ್ಲ. ಕೂಲಿ ಎಷ್ಟು ಎನ್ನುವುದನ್ನು ಸಂಘ ಮತ್ತು ಮಾಲೀಕರೇ ಕೂತು ತೀರ್ಮಾನ ಮಾಡುತ್ತಾರೆ.

1990ರ ದಶಕದ ಶುರುವಿನಲ್ಲಿ ಡೆನ್ಮಾರ್ಕಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. 1993ರಲ್ಲಿ ನಿರುದ್ಯೋಗ ಶೇ 12ರ ಆಸುಪಾಸಿನಲ್ಲಿತ್ತು. ಆ ವರ್ಷ ಪ್ರಧಾನಿಯಾದವರು ಪೌಲ್ ನೈರುಪ್ ರಾಸ್ಮುಸೆನ್. ಕಾರ್ಮಿಕ ಸಂಘಗಳ ಒಕ್ಕೂಟದಲ್ಲಿ ಅರ್ಥಶಾಸ್ತ್ರಜ್ಞರಾಗಿ ದುಡಿದವರು ಅವರು. ಭತ್ಯೆಯನ್ನು ಅವರು ಕಿತ್ತು ಹಾಕಲಿಲ್ಲ, ಅದರ ಜೊತೆ ಕರ್ತವ್ಯ ಸೇರಿಸಿದರು. ಭತ್ಯೆ ತೆಗೆದುಕೊಳ್ಳುವವರು ತರಬೇತಿಗೋ ಕೆಲಸಕ್ಕೋ ಬರಲೇಬೇಕು ಎಂದರು. 2001ರ ಹೊತ್ತಿಗೆ ನಿರುದ್ಯೋಗ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇದನ್ನು ನೋಡಿಯೇ ಪ್ಯಾರಿಸ್‌ನಿಂದ, ಐರೋಪ್ಯ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಿಂದ ಅಧಿಕಾರಿಗಳು ಕೋಪನ್‌ಹೇಗನ್‌ಗೆ ಓಡಾಡಲು ಶುರು ಮಾಡಿದ್ದು.

ಅಂಕಿಗಳಿಗಿಂತ ನನಗೆ ಮುಖ್ಯ ಅನ್ನಿಸುವುದು ಭಯದ ವಿಷಯ. ಡೆನ್ಮಾರ್ಕಿನ ಖಾಸಗಿ ವಲಯದಲ್ಲಿ ವರ್ಷಕ್ಕೆ ಸುಮಾರು ನಾಲ್ಕರಲ್ಲಿ ಒಬ್ಬರು ಕೆಲಸ ಬದಲಾಯಿಸುತ್ತಾರೆ. ಎಲ್ಲರನ್ನೂ ಯಾರೋ ಹೊರಗೆ ಹಾಕಿದ್ದಲ್ಲ. ಬಹಳಷ್ಟು ಜನ ತಾವೇ ಬಿಡುತ್ತಾರೆ. ಒರಟು ಮೇಲಧಿಕಾರಿ ಸಿಕ್ಕಿದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. ಬೇರೆ ಕಸುಬು ಕಲಿಯಬೇಕು ಅನ್ನಿಸಿದರೆ ಕಲಿಯಬಹುದು. ಕೆಲಸವನ್ನೇ ಕಾನೂನಿನಿಂದ ಕಟ್ಟಿಹಾಕಿದ ದೇಶದಲ್ಲಿ ನೌಕರನೂ ಆ ಕಂಬಕ್ಕೇ ಕಟ್ಟಿಕೊಂಡಿರುತ್ತಾನೆ. ಇದು ಬಿಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿರುತ್ತದೆ.

ಸ್ಪೇನ್ ನೋಡಿ. ಅಲ್ಲಿ ಕಾಯಂ ನೌಕರರಿಗೆ ಗಟ್ಟಿ ರಕ್ಷಣೆ ಇತ್ತು. ಅದನ್ನು ಮುಟ್ಟುವ ಧೈರ್ಯ ಇಲ್ಲದೆ 1984ರಲ್ಲಿ ಸರ್ಕಾರ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆಯಿತು, ತಾತ್ಕಾಲಿಕ ಗುತ್ತಿಗೆ. ಮುಂದೆ ನೌಕರರಲ್ಲಿ ಮೂರರಲ್ಲಿ ಒಬ್ಬರು ಗುತ್ತಿಗೆಯವರಾದರು. ಅಪ್ಪನಿಗೆ ಕಾಯಂ ಕೆಲಸ, ಮಗಳಿಗೆ ಮೂರು ತಿಂಗಳ ಚೀಟಿ. ಒಂದೇ ಮನೆಯಲ್ಲಿ ಎರಡು ಕಾನೂನು. 2008ರ ನಂತರ ಬಿರುಗಾಳಿ ಬಂದಾಗ ಮೊದಲು ಹಾರಿ ಹೋದವರು ಈ ಗುತ್ತಿಗೆಯ ಯುವಕರೇ. 2013ರಲ್ಲಿ ಸ್ಪೇನಿನ ನಿರುದ್ಯೋಗ ಶೇ 26 ಮುಟ್ಟಿತು. ಕೆಲಸ ಮಾಡುತ್ತಿದ್ದ ಅಥವಾ ಹುಡುಕುತ್ತಿದ್ದ ಯುವಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಕೆಲಸ ಇರಲಿಲ್ಲ. ಕೆಲಸವನ್ನು ಕಾಯುವ ಕಾನೂನು ಒಳಗಿದ್ದವರನ್ನು ಕಾಯಿತು, ಹೊರಗಿದ್ದವರಿಗೆ ಗೋಡೆಯಾಯಿತು. ಅದಕ್ಕೆ ನನಗೆ ಸಿಟ್ಟು ಬರುತ್ತದೆ. ಒಂದು ಇಡೀ ಪೀಳಿಗೆ ಮೂವತ್ತು ದಾಟಿದ ಮೇಲೂ ಅಪ್ಪ ಅಮ್ಮನ ಮನೆಯಲ್ಲೇ ಉಳಿಯಬೇಕಾಯಿತು.

ಖರ್ಚು ದೊಡ್ಡದು, ನಿಜ. ಡೆನ್ಮಾರ್ಕ್‌ನಲ್ಲಿ ಬ್ರೆಡ್ಡು ಕೊಂಡರೂ ಶೇ 25 ಮಾರಾಟ ತೆರಿಗೆ. ಆದಾಯ ತೆರಿಗೆಯೂ ಭಾರ. ಆದರೆ ಆ ದುಡ್ಡು ಎಲ್ಲಿ ಹೋಯಿತು ಎಂದು ಜನರ ಕಣ್ಣಿಗೆ ಕಾಣುತ್ತದೆ. ಮಗುವಿನ ಡೇಕೇರ್ ಖರ್ಚಿನಲ್ಲಿ ಅಪ್ಪ ಅಮ್ಮ ಕೊಡುವುದು ಹೆಚ್ಚೆಂದರೆ ಕಾಲು ಭಾಗ. ಹಾಗಾಗಿ ಹೆರಿಗೆಯಾದ ಹೆಂಗಸು ಕೆಲಸಕ್ಕೆ ವಾಪಸ್ ಬರುತ್ತಾಳೆ, ಅವಳೂ ತೆರಿಗೆ ಕಟ್ಟುತ್ತಾಳೆ. ಒಲೆಗೆ ಸೌದೆ ಒಳಗಿನಿಂದಲೇ ಸಿಗುತ್ತದೆ.

ಉಳಿದ ದೇಶಗಳು ಇದನ್ನು ಒಂದೇ ವರ್ಷದಲ್ಲಿ ತರಲು ಆಗದು. ಮೊದಲು ಭತ್ಯೆ ಮತ್ತು ತರಬೇತಿಯ ಕಲ್ಲು ಇಡಲಿ. ಅವು ಗಟ್ಟಿಯಾದ ಮೇಲೆ ವಜಾ ಕಾನೂನು ಸಡಿಲಿಸಲಿ. ಮೂವತ್ತು ವರ್ಷದ ಹಿಂದೆ ಈ ಕ್ರಮದಲ್ಲಿ ಶುರು ಮಾಡಿದ್ದರೆ ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಎಷ್ಟೋ ಹುಡುಗರು ಊರು ಬಿಟ್ಟು ಜರ್ಮನಿಗೆ ಹೋಗಬೇಕಾಗಿರಲಿಲ್ಲ.

ವಿರೋಧ: ಮೊದಲು ಸವೆಯುವುದು ಯಾವ ಕಲ್ಲು?

ಲಿಂಡೋ ಕಥೆ ನಿಜ. ಸ್ಪೇನಿನ ಯುವಕರ ಕಷ್ಟವೂ ನಿಜ. ಆ ಸಿಟ್ಟು ನನಗೂ ಇದೆ. ಆದರೆ ಲಿಂಡೋ ಮುಚ್ಚುವ ಸುದ್ದಿ ಬಂದ ಅದೇ 2009ರಲ್ಲಿ ಡೆನ್ಮಾರ್ಕಿನ ಗಡಿಯ ಆಚೆ ಏನು ನಡೆಯಿತು ಎನ್ನುವುದನ್ನೂ ನೋಡಬೇಕು, ಅಲ್ವಾ?

ಆ ವರ್ಷ ಜರ್ಮನಿಯ ಆರ್ಥಿಕತೆ ಶೇ 5ಕ್ಕಿಂತ ಜಾಸ್ತಿ ಕುಸಿಯಿತು. ಯಂತ್ರಗಳಿಗೆ, ಕಾರುಗಳಿಗೆ ಆರ್ಡರ್ ನಿಂತುಹೋಯಿತು. ಡೆನ್ಮಾರ್ಕ್ ಕೂಡ ಹೆಚ್ಚು ಕಡಿಮೆ ಅಷ್ಟೇ ಪೆಟ್ಟು ತಿಂದಿತು. ಡೆನ್ಮಾರ್ಕ್‌ನಲ್ಲಿ ಶೇ 3.5ರ ಹತ್ತಿರ ಇದ್ದ ನಿರುದ್ಯೋಗ 2010ಕ್ಕೆ ಎರಡರಷ್ಟಾಯಿತು. ಜರ್ಮನಿಯಲ್ಲಿ ಅದು ಏರಿದ್ದೇ ಗೊತ್ತಾಗಲಿಲ್ಲ. ಕಾರಣ ಕುರ್ಟ್ಸ್‌ಆರ್ಬೈಟ್, ಅಂದರೆ ಕಡಿಮೆ ಗಂಟೆಯ ದುಡಿಮೆ. ಕೆಲಸ ಅರ್ಧ ಇದ್ದರೆ ಎಲ್ಲರೂ ಅರ್ಧ ದಿನ ಬನ್ನಿ. ಕಳೆದುಕೊಂಡ ಸಂಬಳದಲ್ಲಿ ಶೇ 60, ಮಕ್ಕಳಿದ್ದವರಿಗೆ ಶೇ 67, ಸರ್ಕಾರಿ ನಿಧಿಯಿಂದ ಸಿಗುತ್ತದೆ. 2009ರ ಬೇಸಿಗೆಯ ಹೊತ್ತಿಗೆ ಸುಮಾರು 15 ಲಕ್ಷ ಜನ ಹೀಗೆ ದುಡಿಯುತ್ತಿದ್ದರು. ಮುಂದಿನ ವರ್ಷ ಚೀನಾದಿಂದ ಆರ್ಡರ್ ಬಂದಾಗ ಕಾರ್ಖಾನೆಗಳು ಹೊಸಬರನ್ನು ಹುಡುಕಬೇಕಾಗಲಿಲ್ಲ. ಇಪ್ಪತ್ತು ವರ್ಷ ಅದೇ ಯಂತ್ರದ ಮುಂದೆ ನಿಂತು, ಅದರ ಸದ್ದು ಕೇಳಿಯೇ ತಪ್ಪು ಹಿಡಿಯುವ ಕೆಲಸಗಾರ ಅಲ್ಲೇ ಇದ್ದ. ಆ ಜ್ಞಾನ ಮೂರು ತಿಂಗಳ ತರಬೇತಿಯಲ್ಲಿ ಬರುವುದಿಲ್ಲ. ಕೆಲಸಗಾರನನ್ನು ಕೆಲಸದಿಂದ ಬೇರೆ ಮಾಡಿದ ಕ್ಷಣವೇ ಅದರಲ್ಲಿ ಅರ್ಧ ಕಳೆದುಹೋಗುತ್ತದೆ. ಪರವಾಗಿ ಬರೆದವರು ಈ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನೊಂದು ವಿಷಯ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಡೆನ್ಮಾರ್ಕ್ ಏನು ಮಾಡಿತು? ಸರ್ಕಾರ, ಮಾಲೀಕರು, ಸಂಘಗಳು ಕೂತು ಕೆಲವೇ ದಿನಗಳಲ್ಲಿ ಒಪ್ಪಂದ ಮಾಡಿಕೊಂಡರು. ನೀವು ಯಾರನ್ನೂ ತೆಗೆಯಬೇಡಿ, ಮನೆಯಲ್ಲಿರುವ ನೌಕರರ ಸಂಬಳದ ಶೇ 75 ನಾವು ಕೊಡುತ್ತೇವೆ ಎಂದು ಸರ್ಕಾರ ಕಂಪನಿಗಳಿಗೆ ಹೇಳಿತು. ಗಂಟೆ ಲೆಕ್ಕದ ಕೂಲಿಯವರಿಗೆ ಶೇ 90. ಎರಡಕ್ಕೂ ಮೇಲ್ಮಿತಿ ಇತ್ತು. ನಿಜವಾದ ಬಿರುಗಾಳಿ ಬಂದಾಗ ಡೆನ್ಮಾರ್ಕ್ ತನ್ನ ದಾರಿ ಬಿಟ್ಟು ಜರ್ಮನಿಯ ದಾರಿಗೆ ಬಂತು. ಕೆಲಸವನ್ನೇ ಉಳಿಸಿತು. ಹಾಗೆ ಮಾಡಿದ್ದು ಸರಿಯೇ ಇತ್ತು.

ಈಗ ಮೂರು ಕಲ್ಲಿನ ಒಲೆಗೆ ಬರೋಣ. ಮಾತು ಚೆನ್ನಾಗಿದೆ. ಆದರೆ ಮೂರೂ ಕಲ್ಲು ಒಂದೇ ಗಟ್ಟಿ ಅಲ್ಲ. ವಜಾ ಮಾಡುವ ಸ್ವಾತಂತ್ರ್ಯ ಒಮ್ಮೆ ಕೊಟ್ಟರೆ ಕೊಟ್ಟಂತೆಯೇ, ವಾಪಸ್ ಪಡೆಯುವುದು ತುಂಬಾ ಕಷ್ಟ. ಭತ್ಯೆ ಹಾಗಲ್ಲ. ಅದು ಬಜೆಟ್‌ನಲ್ಲಿರುವ ಒಂದು ಸಾಲು. ಖಜಾನೆ ಬರಿದಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ. ಇದು ನನ್ನ ಊಹೆ ಅಲ್ಲ, ಡೆನ್ಮಾರ್ಕ್‌ನಲ್ಲೇ ನಡೆದದ್ದು. 2010ರಲ್ಲಿ, ಅಂದರೆ ಜನರಿಗೆ ಭತ್ಯೆ ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿ, ಅದರ ಅವಧಿಯನ್ನು ನಾಲ್ಕು ವರ್ಷದಿಂದ ಎರಡಕ್ಕೆ ಇಳಿಸಿದರು. ಮತ್ತೆ ಭತ್ಯೆಯ ಹಕ್ಕು ಪಡೆಯಲು ದುಡಿಯಬೇಕಾದ ಅವಧಿಯನ್ನು ಅರ್ಧ ವರ್ಷದಿಂದ ಒಂದು ವರ್ಷಕ್ಕೆ ಏರಿಸಿದರು. 2013ರ ಹೊತ್ತಿಗೆ ಸಾವಿರಾರು ಜನ ಭತ್ಯೆ ಕಳೆದುಕೊಂಡರು. ವಜಾ ಕಾನೂನು ಮಾತ್ರ ಹಾಗೇ ಇತ್ತು. ಶೇ 90 ಅಂತ ಹೇಳುವುದೂ ಕಡಿಮೆ ಸಂಬಳದವರಿಗೆ ಮಾತ್ರ ಹೊಂದುವ ಮಾತು. ಮೇಲ್ಮಿತಿ ಇರುವುದರಿಂದ ಮಧ್ಯಮ ಸಂಬಳದವರಿಗೆ ಅರ್ಧದ ಆಸುಪಾಸು ಸಿಗುತ್ತದೆ. ಅದಕ್ಕೇ ಎಷ್ಟೋ ಜನ ಸಂಘದ ಮೂಲಕ ಇನ್ನೊಂದು ಖಾಸಗಿ ವಿಮೆ ಕೊಳ್ಳುತ್ತಾರೆ.

ಜರ್ಮನಿಯ ಕಥೆ ಇದಕ್ಕಿಂತ ಕಹಿ. ಪೀಟರ್ ಹಾರ್ಟ್ಸ್ ಎಂಬವರು ಫೋಕ್ಸ್‌ವಾಗನ್ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದರು. 1993ರಲ್ಲಿ ಕಂಪನಿಗೆ 30 ಸಾವಿರ ಜನ ಹೆಚ್ಚಾಗಿದ್ದರು. ಯಾರನ್ನೂ ತೆಗೆಯಲಿಲ್ಲ. ಸಂಘದ ಜೊತೆ ಕೂತು ವಾರಕ್ಕೆ 28.8 ಗಂಟೆಯ, ನಾಲ್ಕು ದಿನದ ದುಡಿಮೆ ತಂದರು. ಎಲ್ಲರ ಕೈಗೂ ವರ್ಷದ ಸಂಬಳ ಕಡಿಮೆ ಬಂತು, ಎಲ್ಲರಿಗೂ ಕೆಲಸ ಉಳಿಯಿತು. ಅದೇ ಹಾರ್ಟ್ಸ್ ಅವರನ್ನು 2002ರಲ್ಲಿ ಚಾನ್ಸಲರ್ ಶ್ರೋಡರ್ ಒಂದು ಸಮಿತಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ಉದ್ಯೋಗ ಕೇಂದ್ರಗಳನ್ನು ಸರಿ ಮಾಡುವುದು, ಜನರನ್ನು ಬೇಗ ಕೆಲಸಕ್ಕೆ ಸೇರಿಸುವುದು ಅದರ ಹೊಣೆ. ಕೇಳಲು ಡೆನ್ಮಾರ್ಕಿನ ಮಾತಿನಂತೆಯೇ ಇತ್ತು. ಕೊನೆಗೆ 2005ರ ಜನವರಿಯಿಂದ ಬಂದದ್ದು ಹಾರ್ಟ್ಸ್ ನಾಲ್ಕು ಎಂದು ಹೆಸರಾದ ಕಾನೂನು. ಮೊದಲು ದೀರ್ಘ ಕಾಲ ಕೆಲಸ ಇಲ್ಲದವರಿಗೂ ಹಳೆಯ ಸಂಬಳಕ್ಕೆ ತಕ್ಕ ನೆರವು ಸಿಗುತ್ತಿತ್ತು. ಹೊಸ ನಿಯಮದಲ್ಲಿ ಹೆಚ್ಚಿನವರಿಗೆ ಒಂದು ವರ್ಷ ಕಳೆದರೆ ಎಲ್ಲರಿಗೂ ಒಂದೇ ಮೊತ್ತ. ಒಂಟಿಯಾಗಿ ಇರುವವರಿಗೆ ಪಶ್ಚಿಮದಲ್ಲಿ ತಿಂಗಳಿಗೆ 345 ಯೂರೋ, ಪೂರ್ವದಲ್ಲಿ 331. ಮನೆ ಬಾಡಿಗೆ ಬೇರೆ. ಮೂವತ್ತು ವರ್ಷ ದುಡಿದವನೂ ಎಂದೂ ದುಡಿಯದವನೂ ಒಂದೇ ಸಾಲಿನಲ್ಲಿ. 2004ರ ಬೇಸಿಗೆಯಲ್ಲೇ ಮಾಗ್ಡೆಬುರ್ಗ್, ಲೈಪ್ಜಿಗ್‌ಗಳಲ್ಲಿ ಜನ ಸೋಮವಾರ ಸೋಮವಾರ ಬೀದಿಗೆ ಇಳಿದಿದ್ದರು. ಆ ನೋವು ಇನ್ನೂ ಆರಿಲ್ಲ.

ಫ್ರಾನ್ಸ್ ಕೂಡ ಇದೇ ತಪ್ಪು ಮಾಡಿತು. 2006ರಲ್ಲಿ ಪ್ರಧಾನಿ ಡೊಮಿನಿಕ್ ದ ವಿಲ್‌ಪ್ಯಾಂ 26 ವರ್ಷದೊಳಗಿನವರಿಗೆ ಹೊಸ ಬಗೆಯ ನೌಕರಿ ಒಪ್ಪಂದ ತಂದರು. ಮೊದಲ ಎರಡು ವರ್ಷ ಮಾಲೀಕ ಕಾರಣ ಹೇಳದೆ ತೆಗೆಯಬಹುದು. ಡೆನ್ಮಾರ್ಕಿನ ಮೂರು ಕಲ್ಲಿನಲ್ಲಿ ಒಂದನ್ನೇ ಎತ್ತಿಕೊಂಡು ಬಂದರು, ಅದನ್ನೂ ಹುಡುಗರ ತಲೆ ಮೇಲೆ ಇಟ್ಟರು. ಲಕ್ಷಗಟ್ಟಲೆ ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಮೊದಲು ಭತ್ಯೆ, ಆಮೇಲೆ ಸಡಿಲಿಕೆ ಎಂದು ಪರ ಬರಹ ಹೇಳುತ್ತದೆ. ಸರ್ಕಾರಗಳು ಆ ಕ್ರಮದಲ್ಲಿ ಮಾಡಿದ್ದನ್ನು ನಾನು ಕಂಡಿಲ್ಲ. ಸಡಿಲಿಕೆಗೆ ದುಡ್ಡು ಬೇಡ, ಒಂದು ಸಹಿ ಸಾಕು. ಭತ್ಯೆಗೆ ದುಡ್ಡು ಬೇಕು.

ಡೆನ್ಮಾರ್ಕ್‌ನಲ್ಲಿ ಮಾಲೀಕರ ಕೈ ಮಿತಿಯಲ್ಲಿರುವುದು ಕಾನೂನಿನಿಂದಲ್ಲ. ದುಡಿಯುವವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಂಘದಲ್ಲಿದ್ದಾರೆ, ಅದರಿಂದ. ಫ್ರಾನ್ಸ್‌ನಲ್ಲಿ ಸಂಘ ಸೇರಿದವರು ಹತ್ತರಲ್ಲಿ ಒಬ್ಬರು. 1899ರಲ್ಲಿ ಮೂರು ತಿಂಗಳು ಹಸಿದು ಗಳಿಸಿದ ನಂಬಿಕೆಯನ್ನು ಬ್ರಸೆಲ್ಸ್‌ನ ಒಂದು ಸುತ್ತೋಲೆಯಿಂದ ತರಲಾಗದು. ಪಕ್ಕದ ಸ್ವೀಡನ್‌ನಲ್ಲೇ ಈಗ ಈ ನಂಬಿಕೆಗೆ ಪರೀಕ್ಷೆ ಬಂದಿದೆ. ಟೆಸ್ಲಾ ಕಂಪನಿ ಸಂಘದ ಜೊತೆ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದರು. ಬಂದರಿನವರು ಅದರ ಕಾರು ಇಳಿಸುವುದಿಲ್ಲ ಎಂದರು. ಅಂಚೆಯವರು ನಂಬರ್ ಪ್ಲೇಟ್ ತಲುಪಿಸುವುದಿಲ್ಲ ಎಂದರು. ಅಷ್ಟು ಒಗ್ಗಟ್ಟಿದ್ದೂ ವರ್ಷ ಕಳೆದರೂ ಕಂಪನಿ ಬಗ್ಗಲಿಲ್ಲ. ಆ ಒಗ್ಗಟ್ಟು ಇಲ್ಲದ ಇಟಲಿಯ ಕ್ಯಾಲಾಬ್ರಿಯಾದಲ್ಲೋ ಗ್ರೀಸ್‌ನಲ್ಲೋ ಏನಾಗುತ್ತದೆ ಹೇಳಿ.

ಊರಿನ ಮಾತೂ ಇದೆ. ಡೆನ್ಮಾರ್ಕ್ ಸುಮಾರು 60 ಲಕ್ಷ ಜನರ ದೇಶ. ಓಡೆನ್ಸದಲ್ಲಿ ವಿಶ್ವವಿದ್ಯಾಲಯ ಇತ್ತು, ಮಾರ್ಸ್ಕ್‌ನಂತಹ ಕಂಪನಿಯ ದುಡ್ಡು ಇತ್ತು. ಅಲ್ಲಿಂದ ಎರಡು ಗಂಟೆ ಒಳಗೆ ಕೋಪನ್‌ಹೇಗನ್ ಸಿಗುತ್ತದೆ. ಒಂದೇ ಕಾರ್ಖಾನೆ ನಂಬಿಕೊಂಡ ದಕ್ಷಿಣ ಇಟಲಿಯ ಊರಲ್ಲಿ ಐವತ್ತೆರಡು ವರ್ಷದ ವೆಲ್ಡರ್‌ಗೆ ಯಾವ ತರಬೇತಿ ಕೊಡುತ್ತೀರಿ? ಅವನ ಮನೆ ಅಲ್ಲಿದೆ, ವಯಸ್ಸಾದ ತಾಯಿ ಅಲ್ಲಿದ್ದಾಳೆ. ಕಾರ್ಖಾನೆ ಮುಚ್ಚಿದ ಊರಲ್ಲಿ ಮನೆ ಮಾರಲೂ ಆಗುವುದಿಲ್ಲ.

ಹೊರಗಿನಿಂದ ಬಂದವರಿಗೆ ಆ ಹಿಡಿಯುವ ಕೈ ಇನ್ನೂ ಗಿಡ್ಡ. 2002ರಲ್ಲಿ ಡೆನ್ಮಾರ್ಕ್ ಒಂದು ನಿಯಮ ತಂದಿತು. ಹಿಂದಿನ ಎಂಟು ವರ್ಷಗಳಲ್ಲಿ ಏಳು ವರ್ಷ ದೇಶದಲ್ಲಿ ವಾಸ ಮಾಡಿರದವರಿಗೆ ಸಾಮಾಜಿಕ ನೆರವು ಕಡಿಮೆ. ಹೆಸರು ಬದಲಾಗಿ, ಒಮ್ಮೆ ರದ್ದಾಗಿ, 2015ರಲ್ಲಿ ಅದು ಮತ್ತೆ ಬಂತು. ಬೆಂಗಳೂರಿನಿಂದ ಅಲ್ಲಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮವರ ವಾಸದ ಪರವಾನಗಿಯೂ ಸಾಮಾನ್ಯವಾಗಿ ಕೆಲಸಕ್ಕೇ ಕಟ್ಟಿದ್ದು. ವಜಾ ಪತ್ರ ಕೈಗೆ ಬಂದರೆ ಅವರಿಗೆ ಸಂಬಳ ಒಂದೇ ಅಲ್ಲ, ಮಕ್ಕಳ ಶಾಲೆ, ಬಾಡಿಗೆ ಮನೆ, ಉಳಿಯುವ ಹಕ್ಕು ಎಲ್ಲವೂ ಒಟ್ಟಿಗೆ ಅಲುಗಾಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಔಷಧಿ ಕಂಪನಿ ನೋವೋ ನಾರ್ಡಿಸ್ಕ್ 9 ಸಾವಿರ ಹುದ್ದೆ ಕಡಿಮೆ ಮಾಡುವುದಾಗಿ ಹೇಳಿತು. ಅದರಲ್ಲಿ ಸುಮಾರು 5 ಸಾವಿರ ಡೆನ್ಮಾರ್ಕ್‌ನಲ್ಲೇ. ಅದಕ್ಕೂ ಒಂದು ವರ್ಷ ಮೊದಲೇ ಫೋಕ್ಸ್‌ವಾಗನ್ ಜರ್ಮನಿಯಲ್ಲಿ ಕಾರ್ಖಾನೆ ಮುಚ್ಚುವ ಮಾತು ತೆಗೆದಿತ್ತು. ಸಂಘ ಬಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. 2030ರ ಒಳಗೆ 35 ಸಾವಿರಕ್ಕೂ ಹೆಚ್ಚು ಹುದ್ದೆ ಇಳಿಯುತ್ತದೆ, ಆದರೆ ನಿವೃತ್ತಿ, ಸ್ವಇಚ್ಛೆಯ ದಾರಿಯಿಂದ. ಬಲವಂತದ ವಜಾ ಇಲ್ಲ. ಅದೂ ನೋವೇ. ಆದರೆ ತಯಾರಾಗಲು ಸಮಯ ಇರುವ ನೋವು.

ಹಾಗಾದರೆ ಸ್ಪೇನಿನ ಹುಡುಗರು? ಅವರಿಗೆ ಡೆನ್ಮಾರ್ಕ್ ಬೇಕಾಗಲಿಲ್ಲ. 2021ರ ಕೊನೆಯಲ್ಲಿ ಸ್ಪೇನ್ ಸರ್ಕಾರ, ಸಂಘಗಳು, ಮಾಲೀಕರ ಒಕ್ಕೂಟ ಮೂವರೂ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಕಾಯಂ ನೌಕರರನ್ನು ತೆಗೆಯುವುದನ್ನು ಸುಲಭ ಮಾಡಲಿಲ್ಲ. ಬದಲಿಗೆ ತಾತ್ಕಾಲಿಕ ಗುತ್ತಿಗೆಗೆ ಬಿಗಿ ಮಿತಿ ಹಾಕಿದರು. 2022ರ ಫೆಬ್ರವರಿ 3ರಂದು ಸಂಸತ್ತಿನಲ್ಲಿ ಅದು ಒಂದೇ ಮತದಿಂದ ಗೆದ್ದಿತು, 175ಕ್ಕೆ 174. ನಾಲ್ಕರಲ್ಲಿ ಒಬ್ಬರಷ್ಟಿದ್ದ ತಾತ್ಕಾಲಿಕ ನೌಕರರು ಎರಡು ಮೂರು ವರ್ಷಗಳಲ್ಲಿ ಆರರಲ್ಲಿ ಒಬ್ಬರಷ್ಟಕ್ಕೆ ಇಳಿದರು. ನಿರುದ್ಯೋಗವೂ ಏರಲಿಲ್ಲ, ಇಳಿಯಿತು. ಈಗಲೂ ಅದು ಯುರೋಪಿನಲ್ಲಿ ಜಾಸ್ತಿಯೇ. ಋತುವಿನ ಕೆಲಸದವರು ವರ್ಷದಲ್ಲಿ ಕೆಲವು ತಿಂಗಳು ಮನೆಯಲ್ಲೇ ಇರುತ್ತಾರೆ, ಅವರನ್ನೂ ಕಾಯಂ ಎಂದು ಎಣಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ಆದರೂ ಮಯೋರ್ಕಾ ದ್ವೀಪದ ಹೋಟೆಲಿನಲ್ಲಿ ಕೋಣೆ ಗುಡಿಸುವ ಹೆಂಗಸನ್ನು ಕೇಳಿ ನೋಡಿ. ಮೊದಲು ಅಕ್ಟೋಬರ್‌ನಲ್ಲಿ ಅವಳ ಗುತ್ತಿಗೆ ಮುಗಿಯುತ್ತಿತ್ತು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಬಸಿರಾದರೆ, ಸಂಘ ಸೇರಿದರೆ ಕರೆಯದಿದ್ದರೂ ಕೇಳುವವರಿರಲಿಲ್ಲ. ಈಗ ಅವಳೂ ಕಾಯಂ. ಚಳಿಗಾಲದಲ್ಲಿ ಹೋಟೆಲ್ ಮುಚ್ಚುತ್ತದೆ, ಅವಳು ಮನೆಗೆ ಹೋಗುತ್ತಾಳೆ. ಬೇಸಿಗೆ ಬಂದು ಬಾಗಿಲು ತೆಗೆದಾಗ ಮಾಲೀಕ ಅವಳನ್ನೇ ಕರೆಯಬೇಕು.